ಭಾವನ ಎಡಗಾಲು

ನನಗೆ ಭಾವನನ್ನು ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಅನುಕೂಲ, ನನಗೂ ನೆಮ್ಮದಿ. ಅಕ್ಕನ ಗಂಡ ಎಂಬ ಒಂದೇ ಕಾರಣಕ್ಕೆ ಇಷ್ಟು ವರ್ಷ ಎದುರಿಗೆ ಹಲ್ಲು ಕಿರಿದಿದ್ದೇನೆ.

ಬೆನ್ನ ಹಿಂದೆ ನಾವೆಲ್ಲ ಅವರನ್ನು ಕರೆಯುವುದು ‘ಮೈಲೇಜ್’ ಎಂದು. ಗೋದಾಮಿನ ಗೇಟಿನಲ್ಲಿ ಲಾರಿಗಳನ್ನು ತೂಗುವುದು ಅವರ ಕೆಲಸ. ಮನೆಗೆ ಬಂದ ಮೇಲೂ ತೂಗುವುದು ನಿಲ್ಲುವುದಿಲ್ಲ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಆಸಾಮಿ. ಇಳಿಜಾರು ಸಿಕ್ಕರೆ ಕಾರನ್ನು ನ್ಯೂಟ್ರಲ್‌ಗೆ ಹಾಕಿ, ಪುಕ್ಕಟೆಯಾಗಿ ಏನೋ ಸಿಕ್ಕಿತೆಂಬಂತೆ ಮುಸಿಮುಸಿ ನಗುತ್ತಾರೆ. ಒಮ್ಮೆ ತೂಕ ಕಡಿಮೆಯಾಗಲೆಂದು ಸ್ಟೆಪ್ನಿಯನ್ನು ಡಿಕ್ಕಿಯಿಂದ ತೆಗೆದು ಮಂಚದ ಕೆಳಗೆ ಇಟ್ಟರು. ಅದೇ ವಾರ ಟೈರು ಪಂಕ್ಚರ್ ಆಗಿ, ನಾವೆಲ್ಲ ಸುಡುಬಿಸಿಲಿನಲ್ಲಿ ರಸ್ತೆ ಬದಿ ನಿಂತಿದ್ದೆವು. ಆಗಲೂ ಆ ಮನುಷ್ಯ ಹೇಳಿದ್ದು, "ಆದ್ರೂ ಲೀಟರಿಗೆ ಅರ್ಧ ಕಿಲೋಮೀಟರ್ ಜಾಸ್ತಿ ಬಂತು."

ಇದನ್ನೆಲ್ಲ ನಕ್ಕು ಮರೆಯಬಹುದಿತ್ತು. ಅಕ್ಕನ ಮಂಡಿಯ ವಿಷಯದಲ್ಲಿ ಮಾತ್ರ ನನಗೆ ನಗು ಬರಲಿಲ್ಲ.

ಅಕ್ಕ ಆಸ್ಪತ್ರೆಯೊಂದರ ನರ್ಸ್. ಹಾಸಿಗೆ ಹಿಡಿದವರ ಮನೆಗಳಿಗೆ ತಾನೇ ಕಾರು ಓಡಿಸಿಕೊಂಡು ಹೋಗಿ ಗಾಯ ತೊಳೆದು, ಮಗ್ಗುಲು ಬದಲಿಸಿ, ನಾಲ್ಕು ಮಾತಾಡಿ ಬರುವವಳು. ಅಂಥದೇ ಒಂದು ಮನೆಯ ಮೆಟ್ಟಿಲಲ್ಲಿ ಜಾರಿ ಎಡಮಂಡಿ ಒಡೆದುಕೊಂಡಳು. ಲೋಹದ ಪಟ್ಟಿ ಹಾಕಿದರು. ನಡೆಯಬಹುದು, ಕ್ಲಚ್ ಒತ್ತುವುದು ಮಾತ್ರ ಇನ್ನು ಸಾಧ್ಯವಿಲ್ಲ ಎಂದರು ಡಾಕ್ಟರು. ಗಾಡಿ ಓಡಿಸಲು ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿತು ಆಸ್ಪತ್ರೆ. ಹಳೆಯ ಕಾರನ್ನು ಹೇಗೂ ಮಾರಿಯಾಗಿತ್ತು. ಹೊಸ ಸಣ್ಣ ಸೆಡಾನ್ ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಆಗಿದ್ದರೆ ಅಕ್ಕನಿಗೆ ಕೆಲಸ ಉಂಟು, ಇಲ್ಲದಿದ್ದರೆ ಅಡುಗೆಮನೆಯ ಕಿಟಕಿ ಉಂಟು. ಇದರಲ್ಲಿ ಯೋಚಿಸುವುದಕ್ಕೆ ಏನಿದೆ?

ಮೈಲೇಜ್‌ಗೆ ಇತ್ತು. "ಆಟೋಮ್ಯಾಟಿಕ್‌ನಲ್ಲಿ ಸಿವಿಟಿ ಅಂದ್ರೆ ರಬ್ಬರ್ ಬ್ಯಾಂಡು, ಎಳ್ದಂಗೆಲ್ಲ ಪೆಟ್ರೋಲ್ ಕುಡಿಯುತ್ತೆ. ಎಎಂಟಿ ಅಂದ್ರೆ ಬಿಕ್ಕಳಿಕೆ. ಗೇರ್ ಹಾಕೋಕೆ ಬರದೆ ಇರೋರಿಗೆ ಅವೆಲ್ಲ," ಎಂದರು ಊಟಕ್ಕೆ ಕೂತು, ಅಕ್ಕ ಕುಂಟುತ್ತಾ ಬಡಿಸುತ್ತಿರುವಾಗಲೇ. "ಮ್ಯಾನುಯಲ್ ತಗೊಳ್ಳೋಣ. ನಿಂಗೆ ಎಲ್ಲಿಗೆ ಬೇಕೋ ಸಂಜೆ ನಾನೇ ಬಿಡ್ತೀನಿ."

"ರೋಗಿಗಳಿಗೆ ಸಂಜೆ ತನಕ ತಡ್ಕೊಳಿ ಅನ್ಲಾ?" ಎಂದಳು ಅಕ್ಕ.

ಕೊನೆಗೆ ಪರೀಕ್ಷೆ ಮಾಡಿಯೇ ತೀರುವುದು ಎಂದಾಯಿತು. ಶೋರೂಮಿನವರು ಕೊಟ್ಟ ಒಂದೇ ಮಾದರಿಯ ಎರಡು ಕಾರು, ಒಂದು ಮ್ಯಾನುಯಲ್, ಒಂದು ಸಿವಿಟಿ. ಟ್ಯಾಂಕ್ ಕಂಠಪೂರ್ತಿ ತುಂಬಿಸಿ, ಒಂದೇ ದಾರಿಯಲ್ಲಿ ಓಡಿಸಿ, ಮತ್ತೆ ಕಂಠಪೂರ್ತಿ ತುಂಬಿಸಿ ಎಷ್ಟು ಹಿಡಿಯಿತು ನೋಡುವುದು. ಬಂಕಿನಲ್ಲಿ ಭಾವ ಕಾರನ್ನು ಹಿಡಿದು ತೊಟ್ಟಿಲಿನಂತೆ ತೂಗಿ, ಟ್ಯಾಂಕಿನ ಗಾಳಿಯೆಲ್ಲ ಹೊರಡಿಸಿ ಇನ್ನಷ್ಟು ಹೊಯ್ಯಿಸಿದರು. ತೂಕ ಸಮ ಇರಬೇಕೆಂದು ನನ್ನನ್ನೂ ಅಕ್ಕನನ್ನೂ ಎರಡೂ ಸಲ ಕೂರಿಸಿಕೊಂಡರು. ಜೊತೆಗೆ ಬರಲು ಹೊರಟ ಶೋರೂಮಿನ ಹುಡುಗಿಗೆ, "ನೀವು ಬೇಡಮ್ಮ, ಭಾರ" ಎಂದರು. ಅವಳು ಸಿಟ್ಟು ನುಂಗಿಕೊಂಡು ಒಂದೇ ಮಾತು ಹೇಳಿದಳು: "ಆಟೋಮ್ಯಾಟಿಕ್‌ನಲ್ಲಿ ಎಡಗಾಲಿಗೆ ಕೆಲ್ಸ ಇಲ್ಲ ಸಾರ್, ಪಕ್ಕಕ್ಕೆ ಇಟ್ಕೊಂಡುಬಿಡಿ."

"ಮೂವತ್ತು ವರ್ಷದಿಂದ ಓಡಿಸ್ತಿದೀನಿ," ಎಂದರು ಭಾವ.

ಮ್ಯಾನುಯಲ್ ಸುತ್ತು ಸರಾಗವಾಗಿ ಮುಗಿಯಿತು. ಆಟೋಮ್ಯಾಟಿಕ್ ಮೊದಲ ಸಿಗ್ನಲಿನಲ್ಲೇ ಗಕ್ಕನೆ ನಿಂತು, ನನ್ನ ಮೂಗು ಮುಂದಿನ ಸೀಟಿಗೆ ಬಡಿಯಿತು. "ನೋಡಿದ್ರಾ ಗೇರ್‌ಬಾಕ್ಸ್ ಹಣೆಬರಹ!" ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಾಲು ಚಾಚಿಕೊಳ್ಳಲು ಮುಂದೆ ಕೂತಿದ್ದ ಅಕ್ಕ ಬಗ್ಗಿ ಅವರ ಕಾಲ ಬಳಿ ನೋಡಿದಳು. ಆಮೇಲೆ ದಾರಿಯುದ್ದಕ್ಕೂ ಅಲ್ಲಿಂದ ಕಣ್ಣು ಕೀಳಲಿಲ್ಲ. ಅರ್ಧ ದಾರಿಗೆ ಏನೋ ಸುಟ್ಟ ವಾಸನೆ ಬಂತು. ಹೊಸ ಗಾಡಿಯ ವಾಸನೆ ಎಂದರು ಭಾವ.

ಮತ್ತೆ ಟ್ಯಾಂಕ್ ತುಂಬಿಸಿದಾಗ ಆಟೋಮ್ಯಾಟಿಕ್ ಲೀಟರಿಗೆ ನಾಲ್ಕು ಕಿಲೋಮೀಟರ್ ಕಡಿಮೆ ಕೊಟ್ಟಿತ್ತು. ಶೋರೂಮಿಗೆ ಮರಳುವವರೆಗೂ ಭಾವ ಸೀಟಿ ಹಾಕಿದರು. ನನಗೆ ಅವರ ಕತ್ತು ಹಿಸುಕುವಷ್ಟು ಕೋಪ ಬಂದಿತ್ತು.

ಹುಡುಗಿ ಮುಂದಿನ ಚಕ್ರದ ಹತ್ತಿರ ಕೈ ಒಯ್ದವಳು ಚಟ್ಟನೆ ಹಿಂದೆಗೆದಳು. "ಕೆಂಡ ಆಗಿದೆ! ಬ್ರೇಕ್ ಮೇಲೆ ಕಾಲಿಟ್ಕೊಂಡೇ ಓಡಿಸಿದ್ರಾ?"

"ಯಾರು? ನಾನಾ? ಇದು ಗಾಡೀದೇ ದೋಷ," ಎಂದರು ಭಾವ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

"ಹೊರಟಾಗಿನಿಂದ ಎಡಗಾಲು ಬ್ರೇಕ್ ಮೇಲೇ ಇತ್ತು," ಎಂದಳು ಅಕ್ಕ. "ಕ್ಲಚ್ ಅನ್ಕೊಂಡು."

"ನೋಡ್ಕೊಂಡು ಸುಮ್ನೆ ಕೂತಿದ್ಯಾ? ಬಾಯಿ ಇರ್ಲಿಲ್ವಾ?"

"ಆರು ತಿಂಗಳಿಂದ ಹೇಳ್ತಾನೇ ಇದೀನಲ್ಲ, ಏನು ಕೇಳಿಸ್ತು ನಿಮ್ಗೆ?" ಅಕ್ಕ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ನಿಮ್ಮ ಎಡಗಾಲಿಗೆ ಸುಮ್ನೆ ಇರೋಕೆ ಬರಲ್ಲ. ನನ್ನದು ಅದೊಂದನ್ನ ಚೆನ್ನಾಗಿ ಕಲಿತಿದೆ. ಕೀ ಕೊಡಿ."

ಭಾವ ಕೊಡಲಿಲ್ಲ. ನಾನು ಅವರ ಕೈಯಿಂದ ಕಿತ್ತು ಅಕ್ಕನಿಗೆ ಕೊಟ್ಟೆ. ಜೀವನದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು.

ಚಕ್ರ ಆರಿದ ಮೇಲೆ ಅಕ್ಕ ಸ್ಟೀರಿಂಗ್ ಮುಂದೆ ಕೂತು, ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕೆ ಇಟ್ಟಳು. "ಹಿಂದೆ ಹತ್ತಿ," ಎಂದಳು ಗಂಡನಿಗೆ. "ತೂಕ ಸಮ ಇರ್ಬೇಕಲ್ಲ."

ಅದೇ ದಾರಿಯಲ್ಲಿ ಅಕ್ಕ ಓಡಿಸಿದಾಗ ಲೆಕ್ಕ ಮ್ಯಾನುಯಲ್‌ನ ಹತ್ತಿರಕ್ಕೇ ಬಂತು. ಆಟೋಮ್ಯಾಟಿಕ್ಕನ್ನೇ ಕೊಂಡೆವು. ಅಕ್ಕ ಈಗ ಮತ್ತೆ ತನ್ನ ರೋಗಿಗಳ ಮನೆಗಳಿಗೆ ಹೋಗುತ್ತಾಳೆ. ಸಿವಿಟಿ ಪೆಟ್ರೋಲ್ ಕುಡಿಯುತ್ತದೆಂದು ಭಾವ ಇವತ್ತಿಗೂ ಕಂಡಕಂಡವರಿಗೆ ಸಾರುತ್ತಾರೆ. ರಜೆಯ ದಿನ ಎಲ್ಲರೂ ಹೊರಟರೆ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಮುಖ ಊದಿಸಿಕೊಂಡು ಕೂರುತ್ತಾರೆ. ಸಿಗ್ನಲ್ ಹತ್ತಿರವಾದಂತೆ ಅವರ ಎಡಗಾಲು ಕಾರಿನ ನೆಲವನ್ನು ಅದುಮತೊಡಗುತ್ತದೆ.

ಅಕ್ಕ ಕನ್ನಡಿಯಲ್ಲಿ ನೋಡುತ್ತಾಳೆ. "ಒತ್ತಿ, ಒತ್ತಿ," ಎನ್ನುತ್ತಾಳೆ. "ಅಲ್ಲಿ ಏನೂ ಇಲ್ಲ."