ಸಿಮೆಂಟು ಮೆತ್ತಿದ ಹೆಸರು

ದೇವರಾಜ ಮೊಹಲ್ಲಾದಲ್ಲಿ ನಮ್ಮ ಬೀದಿಯ ತಿರುವಿಗೆ, ಯುದ್ಧದಲ್ಲಿ ಸತ್ತ ಈ ಕಡೆಯ ಸಿಪಾಯಿಗಳ ನೆನಪಿಗೆಂದು ಒಂದು ಕಲ್ಲು ನೆಟ್ಟಿದ್ದರು. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದರೂ ಹೆಸರುಗಳನ್ನು ಕೆತ್ತಿದ್ದು ಇಂಗ್ಲಿಷಿನಲ್ಲಿ. ನಾನು ಆಗಷ್ಟೇ ಬಿ.ಎ.ಗೆ ಸೇರಿದ್ದೆ. ಒಂದು ದಿನ ನಿಂತು ಓದಿದರೆ ಅದರಲ್ಲಿ ಅಪ್ಪನ ಹೆಸರೂ ಇತ್ತು. ಅಪ್ಪ ಪಟಾಲಮ್ಮಿನ ಅಡುಗೆಮನೆಯಲ್ಲಿ ದುಡಿದು, ಯುದ್ಧ ಮುಗಿದ ಮೇಲೆ ನೆಟ್ಟಗೆ ಮನೆಗೆ ಬಂದವರು. ನಗುತ್ತಲೇ ಮನೆಯಲ್ಲಿ ಹೇಳಿದೆ.

ಸುದ್ದಿ ಬೀದಿಗೆ ಬಿತ್ತು. ಹೋಟೆಲಿನವನು, "ಬನ್ನಿ ಸ್ವರ್ಗಸ್ಥರೇ, ಕಾಫಿಗೆ ಸಕ್ಕರೆ ಹಾಕ್ಬೋದಾ?" ಎನ್ನುತ್ತಿದ್ದ. "ಜಾಸ್ತಿನೇ ಹಾಕಪ್ಪ, ಸತ್ತೋನಿಗೆ ಇನ್ನೇನ್ ಭಯ" ಎಂದು ಅಪ್ಪ ಕುಡಿದು ಬರುತ್ತಿದ್ದರು.

ಗೌರಿ ಹಬ್ಬದ ದಿನ ಅದು ನಗೆಯಾಗಿ ಉಳಿಯಲಿಲ್ಲ. ಪಕ್ಕದ ಮನೆಯಲ್ಲಿ ಮುತ್ತೈದೆಯರಿಗೆ ಕುಂಕುಮ ಕೊಡುವಾಗ ತಟ್ಟೆ ಅಮ್ಮನನ್ನು ದಾಟಿ ಮುಂದಕ್ಕೆ ಹೋಯಿತು. "ಬೇಜಾರ್ ಮಾಡ್ಕೋಬೇಡಿ ಕಣ್ರೀ, ಕಲ್ಲಲ್ಲಿ ಕೆತ್ಬುಟ್ಟವ್ರಲ್ಲ, ಮನಸ್ಸು ಬರಾಕಿಲ್ಲ" ಎಂದರಂತೆ ಆ ಮನೆಯಾಕೆ.

"ಗಂಡ ಎದುರಿಗೇ ಕೂತವ್ರೆ, ನಾನು ಬರೀ ಹಣೇಲಿ ಬಂದ್ಬುಟ್ಟೆ" ಎಂದು ಅಮ್ಮ ಗೋಡೆಗೆ ಒರಗಿದರು. "ಆ ಹೆಸರು ಹೋಗೋಗಂಟ ಯಾರ ಹೊಸಿಲೂ ತುಳಿಯಾಕಿಲ್ಲ."

"ನನ್ ಹೆಸರು, ನಾನ್ ಮುಚ್ತೀನಿ, ಯಾರ್ ಕೇಳ್ತಾರೆ" ಎಂದು ಅಪ್ಪ ಸಿಮೆಂಟು ಕಲಸಿದರು. ಯಾವ ಸಾಲೆಂದು ನಾನು ತೋರಿಸಿದೆ. ಅದೇ ಹೆಸರಿನ ಇನ್ನೊಬ್ಬ ಇದ್ದಿರಬಹುದೆಂದು, ತರ್ಕಶಾಸ್ತ್ರ ಓದುತ್ತಿದ್ದ ನನಗೂ ಹೊಳೆಯಲಿಲ್ಲ. ಹೊಳೆದೂ ಸುಮ್ಮನಿದ್ದೆನೋ ಏನೋ, ಈಗ ಖಾತ್ರಿಯಿಲ್ಲ.

ಅದೇ ತಿಂಗಳ ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಅಪ್ಪನೂ ನಾನೂ ಮಾರ್ಕೆಟ್ಟಿನಿಂದ ಬರುತ್ತಿದ್ದೆವು. ಇಲವಾಲದ ಕಡೆಯ ಮುದುಕಿಯೊಬ್ಬಳು ಕಲ್ಲಿನ ಮುಂದೆ ಎಲೆ ಹಾಸಿ, ಸತ್ತವರಿಗೆ ಇಡುವ ಎಡೆ ಇಟ್ಟು, ಸಿಮೆಂಟಿನ ಮೇಲೆ ಅಂಗೈ ಆಡಿಸುತ್ತಿದ್ದಳು.

"ಸ್ವಾಮಿ, ಓದ್ ವರ್ಸ ಮೇಷ್ಟ್ರೊಬ್ರು ಇಲ್ಲೇ ತೋರ್ಸಿದ್ರು. ಮುಟ್ಟುದ್ರೆ ಕೈಗೆ ಸಿಕ್ಕೋದು. ನನ್ ಮಗನ್ ಎಸ್ರು ಎಲ್ ಓಯ್ತು?" ಎಂದು ಅಪ್ಪನನ್ನು ಕೇಳಿ ಮಗನ ಹೆಸರು ಹೇಳಿದಳು. ಅಪ್ಪನ ಹೆಸರೇ. ಅವನ ಹೆಣವೂ ಊರಿಗೆ ಬಂದಿರಲಿಲ್ಲವಂತೆ.

ಸಿಮೆಂಟು ಹೊಸದು, ಕೆರೆದರೆ ಬರುತ್ತಿತ್ತು. ಕೆರೆದರೆ, ಹೆಸರು ಬೇರೆಯವನದೆಂದರೂ ಬೀದಿ ಒಪ್ಪದೆ, ಅಮ್ಮನ ಹಣೆ ಮತ್ತೆ ಬರಿದು.

ಅಪ್ಪ ಮೇಲಿನಿಂದ ಒಂದೊಂದೇ ಹೆಸರು ಗಟ್ಟಿಯಾಗಿ ಓದುತ್ತ ಬಂದು, ಸಿಮೆಂಟಿನ ಕೆಳಗಿದ್ದ ಬೇರೆ ಯಾರದೋ ಹೆಸರಿನ ಮೇಲೆ ಬೆರಳಿಟ್ಟು, ಅವಳ ಮಗನ ಹೆಸರು ಹೇಳಿದರು. ಅವಳು ಎಲೆಯನ್ನು ಅತ್ತ ಸರಿಸಿಕೊಂಡು ಆ ಅಕ್ಷರಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ನಿನ್ ಒಟ್ಟೆ ತಣ್ಣಗಿರ್ಲಿ ಮಗ" ಎಂದಳು.

ಅಮ್ಮ ಮತ್ತೆ ಎಲ್ಲ ಮನೆಗಳಿಗೂ ಹೋಗಿ ಕುಂಕುಮ ಇಡಿಸಿಕೊಂಡು ಬಂದರು. ಅಪ್ಪ ಆ ತಿರುವಿನಲ್ಲಿ ನಡೆಯುವುದನ್ನೇ ಬಿಟ್ಟರು. ಅವರು ಸುಳ್ಳು ಹೇಳಿದರಲ್ಲ ಎಂದು ನಾನು ಬಹಳ ಕಾಲ ನಾಚಿಕೊಂಡಿದ್ದೆ.

ಈಗ ಬರೆಯುತ್ತ ಕೂತರೆ ಲೆಕ್ಕ ತಾಳೆಯಾಗುತ್ತಿಲ್ಲ. ಅಪ್ಪನಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಸಂಬಳಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದವರು ಅವರು. ಅಷ್ಟು ವಯಸ್ಸಾದವರನ್ನು ಯಾರೂ ಮಗ ಎಂದು ಕರೆಯುವುದೂ ಇಲ್ಲ. ಕಲ್ಲಿನ ಮುಂದೆ ಅವಳ ಜೊತೆ ನಾವಿಬ್ಬರೇ ಇದ್ದೆವು.