ಎಡಗಡೆಯ ಹಿಡಿ

ಮೇಲಿನ ಮಹಡಿಯ ಅಕ್ಕ ದಿನಾ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ನನಗೆ ಕೈ ಎತ್ತುತ್ತಿದ್ದರು. ಪತ್ರಿಕೆಗೆ ನಾಲ್ಕಕ್ಷರ ಬರೆಯುವವನಿಗೆ ಇಷ್ಟಾದರೂ ಮರ್ಯಾದೆ ಸಿಗಬೇಡವೇ ಎಂದುಕೊಂಡು ನಾನೂ ಗಂಭೀರವಾಗಿ ಕೈ ಎತ್ತುತ್ತಿದ್ದೆ. ಕೊನೆಗೆ ನನ್ನ ಹೆಂಡತಿ ತಡೆಯಲಾರದೆ ಹೇಳಿದಳು: "ಬಾವು ಇಳೀಲಿ ಅಂತ ಡಾಕ್ಟರು ಕೈ ಮೇಲೆ ಹಿಡ್ಕೊಳ್ಳೋಕೆ ಹೇಳಿದಾರೆ ಕಣ್ರೀ. ಅದು ನಿಮಗಲ್ಲ."

ಅಕ್ಕ ಚರ್ಮದ ಚೀಲದ ಕಾರ್ಖಾನೆಯಲ್ಲಿ ಕತ್ತರಿಸುವ ಯಂತ್ರ ನಡೆಸುವವರು. ಒಂದು ಕೈಯಲ್ಲಿ ಚರ್ಮ ಹರಡಬೇಕು, ಇನ್ನೊಂದರಲ್ಲಿ ಹಿಡಿ ಎಳೆಯಬೇಕು. ಸವೆದ ಹಿಡಿ ಒಂದು ದಿನ ತಾನಾಗಿ ಇಳಿದು, ಜೊತೆಗೆ ಅಲಗೂ ಬಿದ್ದು, ಚರ್ಮದ ಮೇಲಿದ್ದ ಬಲಗೈಯ ಎರಡು ಬೆರಳು ಹೋದವು. ಪರಿಹಾರ ಬರದಿದ್ದರೆ ಮುಂದಿನ ಆಪರೇಷನ್ ಇಲ್ಲ. ಅಕ್ಕ ಅರ್ಜಿ ಹಾಕಿದರು. ಮಾಲೀಕರು ಕೈ ತೊಳೆದುಕೊಂಡರು: "ಇವರು ನಮ್ಮ ಕೆಲಸದವರೇ ಅಲ್ಲ. ಯಾರನ್ನೋ ಮಾತಾಡಿಸೋಕೆ ಬಂದು ಯಂತ್ರ ಮುಟ್ಟಿದಾರೆ." ಸಂಬಳ ಕೈಗೇ ಕೊಡುತ್ತಿದ್ದುದರಿಂದ ಕಾಗದಪತ್ರ ಒಂದೂ ಇರಲಿಲ್ಲ.

ತನಿಖೆಗೆ ಕಾರ್ಮಿಕ ಇಲಾಖೆಯ ಅಧಿಕಾರಿ ಬಂದಾಗ ಅಕ್ಕನ ಜೊತೆಗೆ ನಾನೂ ಹೋಗಿದ್ದೆ. ಭಾಷಣವೊಂದು ಸಿದ್ಧವಾಗಿತ್ತು, ಯಾರೂ ಕೇಳಲಿಲ್ಲ.

"ಹಾಗಾದ್ರೆ ಈ ಯಂತ್ರ ಯಾರು ನಡೆಸ್ತಾರೆ ಸ್ವಾಮಿ?" ಅಕ್ಕ ಕೇಳಿದರು.

"ನಮ್ಮ ಬಾಮೈದ!" ಎಂದರು ಮಾಲೀಕರು, ಎದೆಯುಬ್ಬಿಸಿ.

"ನಡೆಸಿ ತೋರಿಸಲಿ."

ಬಾಮೈದ ಅಂಗಿಯ ತೋಳು ಮಡಚಿ ಯಂತ್ರದೆದುರು ನಿಂತು, ಬಲಗೈ ಚಾಚಿ ಹಿಡಿ ಹುಡುಕಿದ. ಗಾಳಿ ಸಿಕ್ಕಿತು. ಬಗ್ಗಿ ನೋಡಿದ. ಅಲ್ಲೂ ಗಾಳಿಯೇ.

"ಭಾವಾ, ಹಿಡಿ ಎಲ್ಲಿ?"

ಹೊಲಿಗೆ ಸಾಲಿನ ಹೆಂಗಸರು ಬಾಯಿಗೆ ಬಟ್ಟೆ ಅಡ್ಡ ಹಿಡಿದರು. ಅವರಲ್ಲೊಬ್ಬಳು ತಡೆಯಲಾರದೆ ಅಂದಳು: "ಎಡಗಡೆ ನೋಡಪ್ಪಾ! ನಮ್ಮಕ್ಕ ಎಡಚಿ. ಬೇಗ ಬೇಗ ಕೆಲಸ ಆಗ್ಲಿ ಅಂತ ನಿಮ್ಮ ಭಾವನೇ ಮೆಕ್ಯಾನಿಕ್ ಕರೆಸಿ ಅವಳಿಗೋಸ್ಕರ ಈ ಕಡೆಗೆ ಹಾಕಿಸಿದ್ರು!"

"ಹೌದು ಹೌದು" ಎಂದು ಇಡೀ ಸಾಲು ದನಿಗೂಡಿಸಿತು. ಯಾರನ್ನೋ ಮಾತಾಡಿಸಲು ಬಂದವರಿಗೆ ಹಿಡಿ ಬದಲಿಸಿಕೊಡುವಷ್ಟು ಉದಾರಿ ಮಾಲೀಕರನ್ನು ಅಧಿಕಾರಿ ಆಪಾದಮಸ್ತಕ ನೋಡಿದರು.

ಪರಿಹಾರದ ಆದೇಶ ಬಂತು. ಆಪರೇಷನ್ನೂ ಆಯಿತು. ಈಗ ಅಕ್ಕ ಉಳಿದ ಬೆರಳುಗಳಲ್ಲಿ ಚಹಾದ ಲೋಟ ಹಿಡಿದು, ಅದೇ ಕಾರ್ಖಾನೆಯ ಹೆಂಗಸರಿಗೆ ಅರ್ಜಿ ಹಾಕುವುದು ಹೇಗೆಂದು ಮೆಟ್ಟಿಲ ಮೇಲೆ ಕೂತು ಹೇಳಿಕೊಡುತ್ತಾರೆ.

ಒಂದು ಸಂಜೆ ನಾನು ಬಹಳ ಯೋಚಿಸಿ ಕೇಳಿದೆ: "ಅಲ್ಲಕ್ಕಾ, ಅಷ್ಟು ಜನರೆದುರು ಹೀಗಾಯ್ತಲ್ಲ, ಮಾಲೀಕರಿಗೆ ಬೇಜಾರಾಗಿರಬಹುದು ಅಂತ ನಿಮಗನ್ನಿಸಲಿಲ್ವಾ?"

"ಆಗ್ಲಿ ಬಿಡಿ. ಬೆರಳು ಹೋದದ್ದು ನಂದು."