ಗುಂಡನ ಮಾತ್ರೆ

ಗೆಳೆಯರೇ, ಇವತ್ತು ಶಿಕಾರಿಪುರದ ದನದ ಆಸ್ಪತ್ರೆಯಲ್ಲಿ ಅವ್ವ ಡಾಕ್ಟರ ಜೊತೆ ಜಗಳಕ್ಕೆ ನಿಂತಳು. ನಮ್ಮ ನಾಯಿ ಗುಂಡನಿಗೆ ಉಣ್ಣಿ ಕಚ್ಚಿ ಜ್ವರ ಬಂದಿದೆ ಎಂದೇ ನಂಬಿ, ಈಸೂರಿನಿಂದ ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಹೋಗಿದ್ದೆವು. ಅದರ ವಸಡು ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಹೋದ ವಾರ ಡಾಕ್ಟರು ಸೂಜಿ ಚುಚ್ಚಿ ತೆಗೆದು ಬೆಂಗಳೂರಿಗೆ ಕಳಿಸಿದ್ದ ರಕ್ತದ ಪರೀಕ್ಷೆಯ ಫಲಿತಾಂಶ ಬಂದಿತ್ತು.

"ಉಣ್ಣಿ ಅಲ್ಲ ರೀ. ಇದರ ಮೈಯೇ ಇದರ ರಕ್ತಾನ ಶತ್ರು ಅಂತ ತಿಳಿದು ಕೊಲ್ತಾ ಇದೆ. ಇಂಥ ರೋಗ ನಾನೂ ಇದೇ ಮೊದಲು ನೋಡ್ತಿರೋದು. ಮೈಯ ಆ ಜೋರು ತಗ್ಗಿಸೋಕೆ ಮಾತ್ರೆ ಕೊಡ್ತೀನಿ" ಎಂದರು ಡಾಕ್ಟರು.

ಅವ್ವ ಸಿಡಿದಳು. "ಎದ್ದು ನಿಲ್ಲಾಕೆ ಆಗದ ನಾಯಿಗೆ ಜೋರು ತಗ್ಗಿಸ್ತೀರೇನ್ರೀ? ಶಕ್ತಿ ಬರೋ ಔಷಧಿ ಕೊಡ್ರಿ!"

"ಈ ಮಾತ್ರೆ ಬ್ಯಾಡ ಅಂದ್ರೆ ನಾಯಿ ಉಳಿಯಲ್ಲ ತಾಯಿ."

"ಕೊಟ್ರೆ ಉಳೀತತಾ?"

"ನೋಡೋಣ" ಎಂದರು, ಅಷ್ಟೇ.

ಅವ್ವ ಬುತ್ತಿಯಲ್ಲಿದ್ದ ಬೆಣ್ಣೆಗೆ ಮಾತ್ರೆ ಸೇರಿಸಿ ತಾನೇ ತಿನ್ನಿಸಿದಳು.

ಹೊರಡುವಾಗ ಗುಂಡ, ಸೂಜಿ ಚುಚ್ಚಿದ ಡಾಕ್ಟರ ಕೈಯನ್ನೇ ನೆಕ್ಕಿತು. ಮನೆಗೆ ನುಗ್ಗಿದ ಕಳ್ಳನಿಗೂ ಬಾಲ ಅಲ್ಲಾಡಿಸಿದ್ದ ನಾಯಿ ಇದು. ಇಷ್ಟು ದೊಡ್ಡ ಲೋಕದಲ್ಲಿ ಅದಕ್ಕೆ ಶತ್ರುವಾಗಿ ಕಂಡದ್ದು ತನ್ನ ರಕ್ತ ಮಾತ್ರ.